ಮನೆಗೆ ಬಿಪಿ ಮೆಷಿನ್: ಒಮ್ರಾನ್ 7120 ಸಾಕೇ, 7156 ಬೇಕೇ?

ಔಷಧಿ ಅಂಗಡಿಯಲ್ಲಿ ‘ಬಿಪಿ ಮೆಷಿನ್ ಕೊಡಿ’ ಎಂದು ಕೇಳಿದರೆ ಬಹಳ ಕಡೆ ಮೊದಲು ಕೈಗೆ ಬರುವುದು ಒಮ್ರಾನ್ ಎಚ್‌ಇಎಂ 7120. ಬೆಲೆ ಎರಡು ಸಾವಿರ ರೂಪಾಯಿಯ ಆಸುಪಾಸು. ‘ಇದಕ್ಕಿಂತ ಒಳ್ಳೆಯದು ಇಲ್ಲವೇ?’ ಎಂದರೆ 7156 ತೋರಿಸುತ್ತಾರೆ. ಅದಕ್ಕೆ 7120ರ ಬೆಲೆಯ ಮೇಲೆ ಇನ್ನೂ ಸಾವಿರ ರೂಪಾಯಿಯೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಕೊಡಬೇಕು. ಎರಡೂ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತುವ ಮೆಷಿನ್‌ಗಳೇ. ಎರಡಕ್ಕೂ ಎಎ ಗಾತ್ರದ ನಾಲ್ಕು ಸೆಲ್ ಬೇಕು. ಪೆಟ್ಟಿಗೆಯ ಮೇಲೆ ಎರಡರಲ್ಲೂ ±3 ಎಂಬ ನಿಖರತೆಯೇ ಅಚ್ಚಾಗಿದೆ. ಹಾಗಾದರೆ ಹೆಚ್ಚಿನ ದುಡ್ಡು ಯಾವುದಕ್ಕೆ? ಎರಡು ಸಂಗತಿಗಳಿಗೆ: ತೋಳಪಟ್ಟಿ ಮತ್ತು ಮೆಮೊರಿ. ಮನೆಯಲ್ಲಿ ಬಿಪಿ ನೋಡುವ ಕೆಲಸ ಕೆಡುವುದೂ ಹೆಚ್ಚಾಗಿ ಈ ಎರಡರಲ್ಲೇ. ಆದ್ದರಿಂದ ಈ ವಿಮರ್ಶೆಯಲ್ಲಿ ಬ್ಲೂಟೂತ್, ಪರದೆಯ ಅಂದಕ್ಕಿಂತ ಪಟ್ಟಿಗೇ ಹೆಚ್ಚು ಜಾಗ.

ಅದಕ್ಕೂ ಮೊದಲು, ಮೆಷಿನ್ ಮನೆಯಲ್ಲಿ ಯಾಕೆ ಬೇಕು ಎಂಬುದು ಸ್ಪಷ್ಟವಾಗಲಿ. ಡಾಕ್ಟರ್ ಮುಂದೆ ಗಾಬರಿಯಾಗಿ ಬಿಪಿ ಏರುವ ವಿಷಯ ಎಲ್ಲರಿಗೂ ಗೊತ್ತು. ಅದರ ತಿರುಗುಮುರುಗು ಸ್ಥಿತಿಯೊಂದಿದೆ: ಕ್ಲಿನಿಕ್‌ನಲ್ಲಿ 128/82, ಮನೆಯಲ್ಲಿ, ಕೆಲಸದ ಜಾಗದಲ್ಲಿ ದಿನವೂ 140ರ ಮೇಲೆ. ವೈದ್ಯರು ಇದನ್ನು ಮಾಸ್ಕ್ಡ್ ಹೈಪರ್‌ಟೆನ್ಷನ್ ಎನ್ನುತ್ತಾರೆ. ನಾವು ಇಲ್ಲಿ ಮರೆಯ ಬಿಪಿ ಎನ್ನೋಣ. ಲೆಕ್ಕ ಹೀಗೆ: ಕ್ಲಿನಿಕ್‌ನಲ್ಲಿ 140/90ಕ್ಕಿಂತ ಕಡಿಮೆ, ಆದರೆ ಮನೆಯ ಸರಾಸರಿಯಲ್ಲಿ ಮೇಲಿನದು 135 ಅಥವಾ ಕೆಳಗಿನದು 85 ಮುಟ್ಟಿದ್ದರೆ ಅದು ಮರೆಯ ಬಿಪಿ. ಇವೆರಡರಲ್ಲಿ ಒಂದು ದಾಟಿದರೂ ಸಾಕು.

ಇದು ಅಪರೂಪದ್ದಲ್ಲ. ಇಂಡಿಯಾ ಹಾರ್ಟ್ ಸ್ಟಡಿ ಎಂಬ ಅಧ್ಯಯನದಲ್ಲಿ 15 ರಾಜ್ಯಗಳ, ಬಿಪಿ ಮಾತ್ರೆ ತೆಗೆದುಕೊಳ್ಳದ 18,918 ಜನರಿಗೆ ಕ್ಲಿನಿಕ್ಕಿನಲ್ಲೂ ಮನೆಯಲ್ಲೂ ಬಿಪಿ ನೋಡಿದರು. ನೂರಕ್ಕೆ ಸುಮಾರು 18 ಜನರಲ್ಲಿ ಮರೆಯ ಬಿಪಿ, ಸುಮಾರು 24 ಜನರಲ್ಲಿ ಡಾಕ್ಟರ್ ಮುಂದೆ ಮಾತ್ರ ಏರುವ ಬಿಪಿ ಕಂಡಿತು. ಎಂದರೆ ಒಂದೇ ಭೇಟಿಯ ಅಂಕಿಯನ್ನು ನಂಬಿದ್ದರೆ ಐವರಲ್ಲಿ ಇಬ್ಬರ ವಿಷಯದಲ್ಲಿ ತೀರ್ಮಾನ ತಪ್ಪುತ್ತಿತ್ತು. ಅದೇ ಅಧ್ಯಯನದಲ್ಲಿ ನಮ್ಮವರ ಬಿಪಿ ಬೆಳಿಗ್ಗೆಗಿಂತ ಸಂಜೆ ಹೆಚ್ಚಿರುವುದೂ ಕಂಡುಬಂತು. ಬೆಳಿಗ್ಗೆ ಮಾತ್ರ ನೋಡಿ ‘ನಾರ್ಮಲ್’ ಎಂದು ಬರೆದಿಡುವವರು ಇದನ್ನು ಗಮನಿಸಬೇಕು.

ಗುಟ್ಟಾಗಿದ್ದರೂ ಇದು ಹೃದಯವನ್ನು ಬಿಡುವುದಿಲ್ಲ. ದಿನದ ಹೆಚ್ಚು ಹೊತ್ತು ಏರಿದ ಒತ್ತಡದ ಎದುರು ರಕ್ತ ತಳ್ಳುವ ಹೃದಯದ ಕೋಣೆಯ, ಅಂದರೆ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗುತ್ತದೆ, ಬಿಗಿಯಾಗುತ್ತದೆ. ಬಿಗಿಯಾದ ಕೋಣೆ ಸರಿಯಾಗಿ ತುಂಬುವುದಿಲ್ಲ. ಮೆಟ್ಟಿಲು ಹತ್ತಿದರೆ ಉಬ್ಬಸ ಶುರುವಾಗುವುದು ಅಲ್ಲಿಂದ. ಅದರ ಹಿಂದಿನ ಕೋಣೆಯಾದ ಎಡ ಹೃತ್ಕರ್ಣ ಹಿಗ್ಗಿ ಬಡಿತದ ಲಯ ತಪ್ಪಬಹುದು, ಲಯ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಸ್ಟ್ರೋಕ್ ಆಗಬಹುದು. ಫ್ರಾನ್ಸಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ 4,939 ಹಿರಿಯರನ್ನು ಸುಮಾರು ಮೂರು ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಲಿನಿಕ್‌ನಲ್ಲಿ ಸರಿಯಿದ್ದು ಮನೆಯಲ್ಲಿ ಏರಿದ್ದವರಿಗೆ ಹೃದಯ ಮತ್ತು ರಕ್ತನಾಳದ ತೊಂದರೆಗಳ ಅಪಾಯ, ಎರಡೂ ಕಡೆ ಸರಿಯಿದ್ದವರಿಗಿಂತ ಎರಡು ಪಟ್ಟು ಇತ್ತು. 2023ರಲ್ಲಿ ಪ್ರಕಟವಾದ ಸ್ಪೇನಿನ 59,124 ಜನರ ಅಧ್ಯಯನದಲ್ಲಿ ಬಿಪಿಯನ್ನು 24 ಗಂಟೆ ಅಳೆಯುವ ಯಂತ್ರ ಬಳಸಿದ್ದರು. ಮರೆಯ ಬಿಪಿ ಇದ್ದವರ ಸಾವಿನ ಅಪಾಯ ನಾರ್ಮಲ್ ಇದ್ದವರಿಗಿಂತ ಶೇ 24ರಷ್ಟು ಹೆಚ್ಚಿತ್ತು, ಎಲ್ಲ ಕಡೆಯೂ ಬಿಪಿ ಏರಿದ್ದವರ ಅಪಾಯಕ್ಕೆ ಸಮನಾಗಿತ್ತು. ಡಾಕ್ಟರ್ ಮುಂದೆ ಮಾತ್ರ ಏರುವವರಲ್ಲಿ ಅಷ್ಟು ಅಪಾಯ ಕಾಣಲಿಲ್ಲ.

ಯಾರಲ್ಲಿ ಇದನ್ನು ಹುಡುಕಬೇಕು? ಸಿಗರೇಟು ಬೀಡಿ ಸೇದುವವರು (ಕ್ಲಿನಿಕ್‌ನಲ್ಲಿ ಕಾಯುವ ಆ ಹೊತ್ತು ಸೇದಿರುವುದಿಲ್ಲ), ದಿನವೂ ಕುಡಿಯುವವರು, ಒತ್ತಡದ ಕೆಲಸದವರು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಜೋರಾಗಿ ಗೊರಕೆ ಹೊಡೆಯುವವರು, ಕ್ಲಿನಿಕ್‌ನಲ್ಲಿ 130–139ರ ನಡುವೆ ಬರುವವರು. ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೊಂದು ಬಗೆಯಿದೆ. ಬೆಳಿಗ್ಗೆ ಏಳಕ್ಕೆ ಮಾತ್ರೆ ನುಂಗಿ ಹನ್ನೊಂದಕ್ಕೆ ಡಾಕ್ಟರ್ ಬಳಿ ಹೋದರೆ ಔಷಧಿ ಆಗ ಚೆನ್ನಾಗಿ ಕೆಲಸ ಮಾಡುತ್ತಿರುತ್ತದೆ. ಮರುದಿನ ಬೆಳಿಗ್ಗೆ ಮುಂದಿನ ಮಾತ್ರೆಗೆ ಮೊದಲು ಅದರ ಬಲ ಇಳಿದು ಬಿಪಿ ಏರಿರುವುದು ಕ್ಲಿನಿಕ್‌ನಲ್ಲಿ ಗೊತ್ತಾಗುವುದೇ ಇಲ್ಲ.

ಈಗ ಪಟ್ಟಿಯ ವಿಷಯ. ಅಂಗಡಿಗೆ ಹೋಗುವ ಮೊದಲು ದರ್ಜಿ ಟೇಪಿನಿಂದ ತೋಳು ಅಳೆಯಿರಿ. ಭುಜದ ತುದಿಯ ಮೂಳೆ ಮತ್ತು ಮೊಣಕೈ, ಇವುಗಳ ನಡುಮಧ್ಯದಲ್ಲಿ, ಕೈ ಸಡಿಲ ಬಿಟ್ಟು, ಬರಿ ಚರ್ಮದ ಮೇಲೆ. 7120ರ ಜೊತೆ ಬರುವ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. 7156ರದು 22ರಿಂದ 42ಕ್ಕೆ. ತೋಳು 34 ಇದ್ದು 7120 ಕೊಂಡರೆ ಪಟ್ಟಿ ಹೇಗೋ ಅಂಟಿಕೊಳ್ಳುತ್ತದೆ, ಅಂಕಿಯೂ ಬರುತ್ತದೆ, ಆದರೆ ಆ ಅಂಕಿ ಹೆಚ್ಚು ತೋರಿಸುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2023ರಲ್ಲಿ ಇದನ್ನೇ ಅಳೆದರು: ದೊಡ್ಡ ಪಟ್ಟಿ ಬೇಕಾದವರಿಗೆ ಸಾಧಾರಣ ಪಟ್ಟಿ ಹಾಕಿದಾಗ ಮೇಲಿನ ಒತ್ತಡ ಸರಾಸರಿ 4.8 ಪಾಯಿಂಟ್ ಹೆಚ್ಚು ಬಂತು. ಅತಿ ದೊಡ್ಡ ಪಟ್ಟಿ ಬೇಕಾದವರಿಗೆ 19.5 ಹೆಚ್ಚು. ಇಲ್ಲದ ಬಿಪಿಗೆ ಮಾತ್ರೆ ಶುರುವಾಗಲು ಅಷ್ಟು ಸಾಕು. ಸಣ್ಣ ಪಟ್ಟಿ ಬೇಕಾದ ಸಪೂರ ತೋಳಿಗೆ ಸಾಧಾರಣ ಪಟ್ಟಿ ಹಾಕಿದರೆ 3.6 ಕಡಿಮೆ ಬಂತು. ಮರೆಯ ಬಿಪಿ ಇನ್ನಷ್ಟು ಮರೆಯಾಗುವುದು ಹೀಗೆ. ವಯಸ್ಸಾದ ಅಜ್ಜಿ ತಾತಂದಿರ ತೋಳು ಎಷ್ಟೋ ಸಲ 22ಕ್ಕಿಂತ ಕಡಿಮೆ ಇರುತ್ತದೆ. ಅವರಿಗೆ ಈ ಎರಡೂ ಮೆಷಿನ್‌ಗಳ ಜೊತೆ ಬರುವ ಪಟ್ಟಿ ಸರಿಯಲ್ಲ. ನಿಮ್ಮ ಮಾಡೆಲ್‌ಗೆ ಹೊಂದುವ ಸಣ್ಣ ಪಟ್ಟಿ ಬೇರೆ ತರಿಸಬೇಕು. ಬೇರೆ ಕಂಪನಿಯ ಪಟ್ಟಿಯ ಪಿನ್ ಕೂತಿತೆಂದು ಅದನ್ನೇ ಬಳಸಬೇಡಿ. ಮೆಷಿನ್ನಿನ ಲೆಕ್ಕಾಚಾರ ಅದರದೇ ಪಟ್ಟಿಗೆ ಹೊಂದಿಸಿದ್ದು.

7156ರ ಪಟ್ಟಿ ಮೊದಲೇ ಬಳೆಯಾಕಾರದಲ್ಲಿ ಗಟ್ಟಿಯಾಗಿದೆ, ಗಾಳಿಚೀಲ ತೋಳಿನ ಸುತ್ತಲೂ ಬರುತ್ತದೆ. ಹಾಗಾಗಿ ನಳಿಗೆ ಸ್ವಲ್ಪ ಅತ್ತಿತ್ತ ತಿರುಗಿದರೂ ಅಷ್ಟು ವ್ಯತ್ಯಾಸವಾಗದು. ಒಬ್ಬರೇ ಕೂತು ಒಂದೇ ಕೈಯಲ್ಲಿ ಸುತ್ತಿಕೊಳ್ಳಬೇಕಾದವರಿಗೆ ಇದೇ ದೊಡ್ಡ ಅನುಕೂಲ, ಹೆಚ್ಚಿನ ದುಡ್ಡಿಗೆ ನಿಜವಾದ ಸಮರ್ಥನೆ. 7120ರ ಮೆತ್ತನೆಯ ಪಟ್ಟಿಗೆ ಜಾಗ್ರತೆ ಬೇಕು: ನಳಿಗೆ ತೋಳಿನ ಒಳಬದಿಯಲ್ಲಿ ನಡುಬೆರಳಿನ ನೇರಕ್ಕೆ ಇಳಿದಿರಬೇಕು, ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಯಿಂದ 1–2 ಸೆಂ.ಮೀ. ಮೇಲಿರಬೇಕು, ಪಟ್ಟಿಯ ಒಳಗೆ ಒಂದು ಬೆರಳು ಹೋಗುವಷ್ಟೇ ಸಡಿಲ ಇರಬೇಕು. ಜೋತುಬಿದ್ದ ಪಟ್ಟಿ ಹೆಚ್ಚು ತೋರಿಸುತ್ತದೆ. ಅದಕ್ಕೆ ಒಳಗಿನ ಚೀಲ ಬಲೂನಿನಂತೆ ಉಬ್ಬಿ, ನಾಳವನ್ನು ಒತ್ತಲು ಹೆಚ್ಚು ಗಾಳಿ ಬೇಕಾಗುವುದು ಕಾರಣ. ಬಟ್ಟೆಯ ಮೇಲೆ ಸುತ್ತಬೇಡಿ. ಅಂಗಿಯ ತೋಳು ಅಥವಾ ಬಿಗಿಯಾದ ರವಿಕೆಯ ತೋಳನ್ನು ಮೇಲಕ್ಕೆ ಸುರುಟಿದರೆ ಅದೇ ರಕ್ತಕ್ಕೆ ಕಟ್ಟು ಹಾಕಿದಂತಾಗುತ್ತದೆ. ಆ ತೋಳನ್ನು ಕಳಚುವುದೇ ಸರಿ.

ಮೆಮೊರಿ ವಿಷಯದಲ್ಲಿ 7120 ಕೊನೆಯ ಒಂದು ಅಂಕಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. 7156 ದಿನಾಂಕ, ಸಮಯದ ಜೊತೆ 60 ಇಟ್ಟುಕೊಳ್ಳುತ್ತದೆ. ಪುಸ್ತಕದಲ್ಲಿ ಬರೆದರೆ ಸಾಕಲ್ಲವೇ ಎನ್ನಬಹುದು. ತಕ್ಷಣ, ಇದ್ದದ್ದನ್ನು ಇದ್ದ ಹಾಗೆ ಬರೆಯುವವರಿಗೆ ಸಾಕು. ಆದರೆ ಜನ 138 ಅನ್ನು 135 ಎಂದು ಬರೆಯುತ್ತಾರೆ, 147 ಬಂದರೆ ‘ಸರಿ ಬಂದಿಲ್ಲ’ ಎಂದು ಮತ್ತೆ ಮತ್ತೆ ಒತ್ತಿ 132 ಬಂದಾಗ ಅದನ್ನು ದಾಖಲಿಸುತ್ತಾರೆ. ಮೆಮೊರಿಯಲ್ಲಿ ಈ ತಿದ್ದುಪಡಿ ನಡೆಯುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಮೆಷಿನ್ ಬಳಸುವುದಾದರೆ ಅಂಕಿಗಳು ಬೆರೆತುಹೋಗುತ್ತವೆ. ಆಗ ಯಾರದು ಎಷ್ಟು ಗಂಟೆಯದು ಎಂದು ಪುಸ್ತಕದಲ್ಲಿ ಗುರುತು ಇಟ್ಟುಕೊಳ್ಳುವುದು ಅನಿವಾರ್ಯ. ಬ್ಲೂಟೂತ್ ಇರುವ 7156ಟಿಗೆ ಮತ್ತೂ ಖರ್ಚು ಮಾಡುವುದು, ದೂರದ ಊರಲ್ಲೋ ವಿದೇಶದಲ್ಲೋ ಇರುವ ಮಕ್ಕಳು ಅಪ್ಪ ಅಮ್ಮನ ಅಂಕಿ ನೋಡಬೇಕೆಂದಿದ್ದರೆ ಒಪ್ಪಬಹುದಾದದ್ದು. ಬೇರೆಯವರಿಗೆ ಅದರ ಅಗತ್ಯ ನಮಗೆ ಕಾಣುವುದಿಲ್ಲ.

±3 ಬಗ್ಗೆ ಒಂದು ಮಾತು. ಅದು ಮೆಷಿನ್ ಒಳಗಿನ ಒತ್ತಡ ಅಳೆಯುವ ಸೆನ್ಸರ್‌ನ ನಿಖರತೆ. ನಿಮ್ಮ ಬಿಪಿಯ ನಿಖರತೆ ಅಲ್ಲ. ಈ ಮೆಷಿನ್‌ಗಳು ಮೇಲಿನ, ಕೆಳಗಿನ ಒತ್ತಡಗಳನ್ನು ನೇರವಾಗಿ ಕೇಳಿಸಿಕೊಳ್ಳುವುದಿಲ್ಲ. ಪಟ್ಟಿಯ ಗಾಳಿಯಲ್ಲಿ ನಾಡಿ ಎಬ್ಬಿಸುವ ಕಂಪನವನ್ನು ಹಿಡಿದು, ಕಂಪನಿಯ ಸ್ವಂತ ಸೂತ್ರದಿಂದ ಎರಡೂ ಅಂಕಿಗಳನ್ನು ಲೆಕ್ಕ ಹಾಕುತ್ತವೆ. ಸೂತ್ರ ಸರಿಯೇ ಎಂದು ತಿಳಿಯಲು ಮನುಷ್ಯರ ಮೇಲೆ ಪರೀಕ್ಷೆ ಆಗಿರಬೇಕು. ಐಎಸ್‌ಒ 81060-2 ಎಂಬ ಮಾನದಂಡ ಕನಿಷ್ಠ 85 ಜನರ ಮೇಲೆ, ಸ್ಟೆತಸ್ಕೋಪಿನಿಂದ ಕೇಳಿ ಅಳೆದ ಅಂಕಿಯ ಜೊತೆ ಹೋಲಿಕೆ ಕೇಳುತ್ತದೆ. ಸರಾಸರಿ ವ್ಯತ್ಯಾಸ 5ರೊಳಗೆ, ಅದರ ಹರಡಿಕೆ 8ರೊಳಗೆ ಇರಬೇಕು. ಪಾಸಾದ ಮೆಷಿನ್‌ಗಳ ಹೆಸರುಗಳು ಸ್ಟ್ರೈಡ್ ಬಿಪಿ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಯಾವ ಕಂಪನಿಯದೇ ಆಗಲಿ, ಪೆಟ್ಟಿಗೆಯ ಮೇಲಿನ ಮಾಡೆಲ್ ಸಂಖ್ಯೆಯನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ಅಲ್ಲಿ ಹುಡುಕಿ, ಆಮೇಲೆ ದುಡ್ಡು ಕೊಡಿ. ಕಂಪನಿ ಹೆಸರಾಂತದ್ದಾದ ಮಾತ್ರಕ್ಕೆ ಅದರ ಎಲ್ಲ ಮಾಡೆಲ್‌ಗಳೂ ಪರೀಕ್ಷೆಯಾಗಿವೆ ಎಂದಲ್ಲ.

ಮಣಿಕಟ್ಟಿನ ಮೆಷಿನ್ ನೋಡಲು ಚಿಕ್ಕದು, ಸುತ್ತಲು ಸುಲಭ. ಆದರೆ ಕೈ ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಸುಮಾರು 7–8 ಪಾಯಿಂಟ್ ಹೆಚ್ಚು ಬರುತ್ತದೆ, ಮೇಲಿದ್ದರೆ ಅಷ್ಟೇ ಕಡಿಮೆ. ಮಣಿಕಟ್ಟನ್ನು ಪ್ರತಿಸಲ ಎದೆಯ ಮಟ್ಟದಲ್ಲಿ ಅಲುಗದೆ ಹಿಡಿಯುವವರು ಕಡಿಮೆ. ತೋಳಿಗೆ ಯಾವ ಪಟ್ಟಿಯೂ ಹೊಂದದವರು ಮಾತ್ರ ಡಾಕ್ಟರ್ ಹೇಳಿದರೆ ಕೊಳ್ಳಲಿ. ಬೆರಳಿಗೆ ಹಾಕುವ ಮೆಷಿನ್, ಪಟ್ಟಿಯಿಲ್ಲದೆ ಬಿಪಿ ತೋರಿಸುವ ಅಗ್ಗದ ಕೈಗಡಿಯಾರ ಇವನ್ನು ನಂಬಿ ಮಾತ್ರೆಯ ವಿಷಯ ತೀರ್ಮಾನಿಸುವುದು ಅಪಾಯ. ಸ್ಯಾಮ್‌ಸಂಗ್‌ನ ದುಬಾರಿ ಗಡಿಯಾರವನ್ನೂ 28 ದಿನಕ್ಕೊಮ್ಮೆ ತೋಳಪಟ್ಟಿಯ ಮೆಷಿನ್ ಜೊತೆಯೇ ಹೊಂದಿಸಬೇಕಾಗುತ್ತದೆ.

ಕೂರುವ ರೀತಿಯಲ್ಲಿ ಆಗುವ ತಪ್ಪು ಪಟ್ಟಿಯ ತಪ್ಪಿಗಿಂತ ಕಡಿಮೆಯೇನಲ್ಲ. ಬೆನ್ನಿಗೆ ಒರಗು ಇರುವ ಕುರ್ಚಿ, ಪಾದಗಳೆರಡೂ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಕೂತು ನೋಡಬೇಡಿ. ಕೈಯನ್ನು ಊಟದ ಮೇಜಿನ ಮೇಲೆ ಇಟ್ಟರೆ ಪಟ್ಟಿ ಸರಿಯಾಗಿ ಎದೆಯ ಮಟ್ಟಕ್ಕೆ ಬರುತ್ತದೆ. ಟೀಪಾಯಿ ತಗ್ಗು, ಅದರ ಮೇಲೆ ಕೈ ಇಡಬೇಕಾದರೆ ಕೆಳಗೆ ಎರಡು ದಿಂಬು ಬೇಕು. 2024ರ ಇನ್ನೊಂದು ಜಾನ್ಸ್ ಹಾಪ್ಕಿನ್ಸ್ ಅಧ್ಯಯನದಲ್ಲಿ, ಕೈಯನ್ನು ಮಡಿಲಲ್ಲಿ ಇಟ್ಟಾಗ ಮೇಲಿನ ಒತ್ತಡ ಸುಮಾರು 4 ಪಾಯಿಂಟ್, ಪಕ್ಕಕ್ಕೆ ಜೋಲುಬಿಟ್ಟಾಗ 6.5 ಪಾಯಿಂಟ್ ಹೆಚ್ಚು ಬಂತು. ಮೂತ್ರ ಮಾಡಿ ಬಂದು, ಐದು ನಿಮಿಷ ಮಾತಿಲ್ಲದೆ, ಮೊಬೈಲ್ ಇಲ್ಲದೆ ಕೂತು ಆಮೇಲೆ ಗುಂಡಿ ಒತ್ತಿ. ಮೆಷಿನ್ ಓಡುವಾಗ ‘ಎಷ್ಟು ಬಂತು?’ ಎಂದು ಅಡುಗೆಮನೆಯಿಂದ ಕೇಳಿದವರಿಗೆ ಉತ್ತರ ಕೊಟ್ಟರೂ ಅಂಕಿ ಏರುತ್ತದೆ. ಕಾಫಿ, ಸಿಗರೇಟು, ವಾಕಿಂಗ್ ಎಲ್ಲಕ್ಕೂ ಅರ್ಧ ಗಂಟೆಯ ಅಂತರ ಇರಲಿ.

ಮೊದಲ ದಿನ ಎರಡೂ ತೋಳು ನೋಡಿ. ಹೆಚ್ಚು ಬರುವ ತೋಳನ್ನೇ ಮುಂದೆ ಯಾವಾಗಲೂ ಬಳಸಿ. ಮತ್ತೆ ಮತ್ತೆ ನೋಡಿದರೂ ಎರಡರ ನಡುವೆ 10ಕ್ಕಿಂತ ಹೆಚ್ಚು ವ್ಯತ್ಯಾಸ ಉಳಿದರೆ ಡಾಕ್ಟರ್‌ಗೆ ಹೇಳಲೇಬೇಕು, ಕೈಗೆ ಹೋಗುವ ನಾಳದಲ್ಲಿ ಅಡ್ಡಿ ಇರಬಹುದು. ಆಮೇಲೆ ಏಳು ದಿನದ ಕೆಲಸ: ಬೆಳಿಗ್ಗೆ ಎದ್ದು ಒಂದು ಗಂಟೆಯೊಳಗೆ, ಕಾಫಿ ತಿಂಡಿ ಮಾತ್ರೆಗೆ ಮೊದಲು ಎರಡು ಸಲ, ಸಂಜೆ ಊಟಕ್ಕೆ ಮೊದಲು ಎರಡು ಸಲ, ಪ್ರತಿ ಜೋಡಿಯ ನಡುವೆ ಒಂದು ನಿಮಿಷ. ಒಟ್ಟು 28 ಅಂಕಿ. ಮೊದಲ ದಿನದ ನಾಲ್ಕನ್ನು ಬಿಟ್ಟುಬಿಡಿ, ಹೊಸ ಮೆಷಿನ್ನಿನ ಗಾಬರಿ ಅದರಲ್ಲಿ ಸೇರಿರುತ್ತದೆ. ಉಳಿದ 24ರ ಮೇಲಿನ ಅಂಕಿಗಳನ್ನೆಲ್ಲ ಕೂಡಿ 24ರಿಂದ ಭಾಗಿಸಿ, ಕೆಳಗಿನವನ್ನೂ ಹಾಗೆಯೇ. ಮೇಲಿನವುಗಳ ಮೊತ್ತ 3,264 ಬಂದರೆ ಸರಾಸರಿ 136. ಕೆಳಗಿನವುಗಳದು 2,016 ಬಂದರೆ 84. ಕೆಳಗಿನದು 85 ಮುಟ್ಟದಿದ್ದರೂ ಮೇಲಿನದು 135 ದಾಟಿದೆ, ಆದ್ದರಿಂದ ಇದು ಹೆಚ್ಚೇ. ಈ ಹಾಳೆಯನ್ನು ಡಾಕ್ಟರ್ ಕೈಗೆ ಕೊಡಿ. ಸರಾಸರಿ ಒಂದನ್ನೇ ಅಲ್ಲ, ಎಲ್ಲ ಅಂಕಿಗಳನ್ನೂ ಕೊಡಿ. ಬೆಳಿಗ್ಗೆಯದು ಮಾತ್ರ ಏರಿದೆಯೇ, ಸಂಜೆಯದು ಮಾತ್ರವೇ ಎಂಬುದರ ಮೇಲೆ ಮಾತ್ರೆಯ ಹೊತ್ತು, ಪ್ರಮಾಣ ಬದಲಾಗಬಹುದು. ಅದನ್ನು ಅವರೇ ಬದಲಿಸಲಿ. ಒಂದು ವಾರ ಮುಗಿದ ಮೇಲೆ ದಿನವೂ ನೋಡುತ್ತಾ ಕೂರಬೇಡಿ. ಚಿಂತೆ ಮಾಡುವ ಸ್ವಭಾವದವರಲ್ಲಿ ದಿನಕ್ಕೆ ಹತ್ತು ಸಲ ನೋಡುವುದೇ ಬಿಪಿ ಏರಿಸುತ್ತದೆ.

180/120 ದಾಟಿದ ಅಂಕಿ ಬಂದರೆ ಐದು ನಿಮಿಷ ಕೂತು ಮತ್ತೆ ನೋಡಿ. ಮತ್ತೂ ಹಾಗೇ ಇದ್ದರೆ ಅಂದೇ ಡಾಕ್ಟರ್‌ಗೆ ಫೋನ್ ಮಾಡಿ. ಜೊತೆಗೆ ಎದೆನೋವು, ಉಸಿರಾಟಕ್ಕೆ ತೊಂದರೆ, ಮಾತು ತೊದಲುವುದು, ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ ಎರಡನೇ ಸಲ ಅಳೆಯಲು ಕಾಯದೆ 108ಕ್ಕೆ ಕರೆಮಾಡಿ.

ಈ ಮೆಷಿನ್‌ಗಳ ಕೈಯಲ್ಲಿ ಆಗದ್ದೂ ಇದೆ. ನಿದ್ದೆಯಲ್ಲಿ ಮಾತ್ರ ಏರುವ ಬಿಪಿ ಇವಕ್ಕೆ ಸಿಗುವುದಿಲ್ಲ. ಗೊರಕೆ, ಹಗಲು ತೂಕಡಿಕೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಮನೆಯ ಅಂಕಿ ಸರಿಯಿದ್ದರೂ 24 ಗಂಟೆ ಬಿಪಿ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಬಡಿತ ಏರುಪೇರಾಗಿದೆ ಎಂಬ ಹೃದಯದ ಗುರುತು ಎರಡೂ ಮೆಷಿನ್‌ಗಳಲ್ಲಿ ಬರುತ್ತದೆ. ಒಮ್ಮೆ ಬಂದರೆ ಕೈ ಅಲುಗಿದ್ದಿರಬಹುದು. ಅಲುಗದೆ ಕೂತಾಗಲೂ ಮತ್ತೆ ಮತ್ತೆ ಬರುತ್ತಿದ್ದರೆ ಇಸಿಜಿ ಮಾಡಿಸಬೇಕು. ಲಯ ತಪ್ಪಿದವರಲ್ಲಿ ಪ್ರತಿಸಲದ ಅಂಕಿ ಬೇರೆ ಬೇರೆ ಬರುವುದರಿಂದ ಅವರು ಎರಡರ ಬದಲು ಮೂರು ಸಲ ನೋಡುವುದು ಒಳ್ಳೆಯದು.

ಪರದೆಯ ಮೇಲೆ ಇ1 ಬಂದರೆ ಹೆಚ್ಚಾಗಿ ನಳಿಗೆಯ ಪಿನ್ ಪೂರ್ತಿ ಕೂತಿಲ್ಲ, ಇಲ್ಲವೇ ಪಟ್ಟಿಯಿಂದ ಗಾಳಿ ಸೋರುತ್ತಿದೆ. ಇ2, ಇ4 ಬಂದರೆ ಸಾಮಾನ್ಯವಾಗಿ ನೀವು ಅಲುಗಿದ್ದೀರಿ ಅಥವಾ ಮಾತಾಡಿದ್ದೀರಿ. ಮೆಷಿನ್ ಗಾಳಿ ತುಂಬಿ, ನಿಲ್ಲಿಸಿ, ಮತ್ತೆ ಇನ್ನಷ್ಟು ತುಂಬಿದರೆ ಗಾಬರಿ ಬೇಡ. ಮೊದಲ ಒತ್ತಡ ಸಾಲದೆ ಮೇಲಕ್ಕೆ ಹೋಗಿರುತ್ತದೆ, ಆದರೆ ಆ ಅಂಕಿಯನ್ನು ಬಿಟ್ಟು ಒಂದೆರಡು ನಿಮಿಷದ ಮೇಲೆ ಮತ್ತೆ ನೋಡಿ. ಸೆಲ್ ಗುರುತು ಮಿನುಗತೊಡಗಿದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಆಲ್ಕಲೈನ್ ಸೆಲ್ಲನ್ನೇ ಹಾಕಿ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ, ಸೋರಿದ ಸೆಲ್ ಸಂಪರ್ಕದ ತಗಡನ್ನು ತಿಂದುಹಾಕುತ್ತದೆ. ಅಡಾಪ್ಟರ್ ಬೇರೆ ಕೊಳ್ಳಬೇಕು, ಮನೆಯಲ್ಲಿದ್ದ ಬೇರೆ ಚಾರ್ಜರ್ ಸಿಕ್ಕಿಸಬೇಡಿ. ಪಟ್ಟಿಯನ್ನು ನೀರಿಗೆ ಹಾಕಿ ಒಗೆಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ನಳಿಗೆಯನ್ನು ಮೆಷಿನ್ ಸುತ್ತ ಬಿಗಿಯಾಗಿ ಸುತ್ತಿಟ್ಟರೆ ಮಡಿಕೆ ಬಿದ್ದ ಜಾಗದಲ್ಲಿ ಸೀಳುತ್ತದೆ. ಅಂಟುವ ಬದಿಯಲ್ಲಿ ನೂಲು ತುಂಬಿಕೊಂಡು ಗಾಳಿ ತುಂಬುವಾಗ ಪಟ್ಟಿ ಬಿಚ್ಚಿಕೊಳ್ಳತೊಡಗಿದರೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಆಗಲೂ ನಿಲ್ಲದಿದ್ದರೆ ಪಟ್ಟಿ ಮಾತ್ರ ಹೊಸದು ತನ್ನಿ. ಇಡೀ ಮೆಷಿನ್ ಬದಲಿಸಬೇಕಿಲ್ಲ.

ನಮ್ಮ ತೀರ್ಮಾನ: ತೋಳು 32ಕ್ಕಿಂತ ಹೆಚ್ಚಿದ್ದರೆ, ಒಬ್ಬರೇ ಸುತ್ತಿಕೊಳ್ಳಬೇಕಿದ್ದರೆ, ಅಥವಾ ಮನೆಯಲ್ಲಿ ಸಪೂರ (ಆದರೆ 22ಕ್ಕಿಂತ ಕಡಿಮೆಯಲ್ಲದ) ತೋಳು ದಪ್ಪ ತೋಳು ಎರಡೂ ಇದ್ದರೆ 7156. ತೋಳು 22–32ರ ನಡುವೆ ಇದ್ದು, ಸುತ್ತಲು ಇನ್ನೊಬ್ಬರಿದ್ದು, ಬರೆದಿಡುವ ಅಭ್ಯಾಸ ಇರುವವರಿಗೆ 7120 ಧಾರಾಳವಾಗಿ ಸಾಕು, ಉಳಿದ ದುಡ್ಡನ್ನು ಸೆಲ್ಲಿಗೂ ಒಂದು ನೋಟ್‌ಬುಕ್ಕಿಗೂ ಇಟ್ಟುಕೊಳ್ಳಲಿ. ಯಾವುದನ್ನು ಕೊಂಡರೂ ಮೊದಲ ಭೇಟಿಯಲ್ಲಿ, ಆಮೇಲೆ ವರ್ಷಕ್ಕೊಮ್ಮೆ ಮೆಷಿನ್ ಅನ್ನು ಡಾಕ್ಟರ್ ಬಳಿ ಒಯ್ಯಿರಿ. ಅದೇ ತೋಳಿಗೆ ಅವರದೊಂದು, ನಿಮ್ಮದೊಂದು ಎಂದು ನಿಮಿಷದ ಅಂತರದಲ್ಲಿ ಮೂರು ಸುತ್ತು ನೋಡಿಸಿ. ಸರಾಸರಿ ವ್ಯತ್ಯಾಸ 5ರೊಳಗಿದ್ದರೆ ಬಳಸಿ. 5ರಿಂದ 10 ಇದ್ದರೆ ಪಟ್ಟಿಯ ಅಳತೆ, ಸುತ್ತಿದ ರೀತಿ ನೋಡಿ ಮತ್ತೆ ಹೋಲಿಸಿ. ಅದಕ್ಕೂ ಮೇಲಿದ್ದರೆ ಪಟ್ಟಿ ಬದಲಿಸಿ ನೋಡಿ, ಆಗಲೂ ಹಾಗೇ ಇದ್ದರೆ ವಾರಂಟಿ ಕಾರ್ಡ್ ಮತ್ತು ಬಿಲ್ ಹಿಡಿದು ಸರ್ವಿಸ್ ಸೆಂಟರ್‌ಗೆ ಹೋಗಿ. ಕೊಂಡ ದಿನವೇ ಬಿಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ, ಆ ಕಾಗದದ ಅಚ್ಚು ಆರು ತಿಂಗಳಲ್ಲೇ ಮಾಸಿಹೋಗಬಹುದು.